ಪುಷ್ಪಕವೂ ಗುಹನ ದೋಣಿಯೂ

ರೋಮ್ ನಗರಕ್ಕೆ ದಕ್ಷಿಣದಲ್ಲಿರುವ ಬೆಟ್ಟಗಳ ನಡುವೆ, ಎಂದೋ ಆರಿಹೋದ ಜ್ವಾಲಾಮುಖಿಯೊಂದರ ಬಾಯಿಯಲ್ಲಿ ನೀರು ತುಂಬಿ ನೇಮಿ ಎಂಬ ಸರೋವರವಾಗಿದೆ. ಅದರ ವಿಸ್ತಾರ ಎರಡು ಚದರ ಕಿಲೋಮೀಟರಿಗೂ ಕಡಿಮೆ. ನಮ್ಮ ನಾಡಿನ ಕೆರೆಗಳಲ್ಲಿ ಅದಕ್ಕಿಂತ ವಿಶಾಲವಾದವು ಹಲವುಂಟು. ಕ್ರಿಸ್ತಶಕ 37ರಿಂದ 41ರವರೆಗೆ ಸಾಮ್ರಾಜ್ಯವನ್ನಾಳಿದ ಕ್ಯಾಲಿಗುಲನು ಈ ಸಣ್ಣ ನೀರಿನ ಮೇಲೆ ಸುಮಾರು 70 ಮೀಟರು ಉದ್ದದ ಎರಡು ಮಹಾನೌಕೆಗಳನ್ನು ತೇಲಿಸಿ, ಅವುಗಳಿಗೆ ಅಮೃತಶಿಲೆಯನ್ನು ಹೊದಿಸಿ, ನೆಲಕ್ಕೆ ಬಣ್ಣಬಣ್ಣದ ಕಲ್ಲುಚೂರುಗಳ ಚಿತ್ತಾರವನ್ನು ಕೂರಿಸಿ, ಸೀಸದ ಕೊಳವೆಗಳಲ್ಲಿ ನೀರನ್ನು ಹರಿಯಿಸಿ, ತೊಲೆಗಳ ತುದಿಗೆ ಕಾಡುಮೃಗಗಳ ಕಂಚಿನ ಮುಖಗಳನ್ನು ತೊಡಿಸಿದನು. ಮುಸೊಲಿನಿಯ ಸರ್ಕಾರವು 1928ರಿಂದ ಆರಂಭಿಸಿ ಕೆಲವು ವರ್ಷಗಳ ಕಾಲ ಸರೋವರದ ನೀರನ್ನು ಇಳಿಸಿ ಅವುಗಳನ್ನು ಹೊರತೆಗೆಯಿತು. 1944ರ ಮೇ 31ರ ರಾತ್ರಿ, ಯುದ್ಧದ ನಡುವೆ, ಅವೆರಡೂ ವಸ್ತುಸಂಗ್ರಹಾಲಯದಲ್ಲಿಯೇ ಬೆಂದುಹೋದವು. ಆ ನೌಕೆಗಳ ವೈಭವವನ್ನು ವಿದ್ವಾಂಸರು ಸಾಕಷ್ಟು ವರ್ಣಿಸಿದ್ದಾರೆ. ನನ್ನ ಮನಸ್ಸು ಮಾತ್ರ ಒಂದೇ ಸಂಗತಿಯಲ್ಲಿ ನಿಂತುಬಿಡುತ್ತದೆ: ಅವು ಹೋಗತಕ್ಕ ಊರೇ ಇರಲಿಲ್ಲ. ಅತ್ತ ಒಂದು ದಡ, ಇತ್ತ ಒಂದು ದಡ. ನಡುವೆ ಹಡಗು ಒಮ್ಮೆ ಹೊರಳಿಕೊಳ್ಳುವುದಕ್ಕೆ ಬೇಕಾದಷ್ಟು ನೀರು.

ಇದನ್ನು ಉನ್ಮತ್ತನಾದ ಚಕ್ರವರ್ತಿಯೊಬ್ಬನ ವಿಕಾರವೆಂದು ತಳ್ಳಿಹಾಕುವುದು ಸುಲಭವಾದರೂ ಉಚಿತವಲ್ಲ. ಏಕೆಂದರೆ ವಿಕಾರವು ಒಬ್ಬನದಾಗಿದ್ದರೆ ಅದು ಅವನೊಡನೆಯೇ ಮುಗಿಯಬೇಕಾಗಿತ್ತು. ಜರ್ಮನಿಯ ಬ್ರೆಮೆನ್ ಪ್ರಾಂತದ ಲ್ಯೂರ್ಸನ್ ಕಾರ್ಖಾನೆಯು 2013ರಲ್ಲಿ ಕಟ್ಟಿಕೊಟ್ಟ ‘ಅಜ್ಜಾಮ್’ ಎಂಬ ಖಾಸಗಿ ವಿಹಾರನೌಕೆಯ ಉದ್ದ 180 ಮೀಟರು. ಬ್ರಿಟಿಷ್ ರಾಜಮನೆತನವು 1997ರವರೆಗೆ ಬಳಸಿದ ‘ಬ್ರಿಟಾನಿಯ’ದ ಉದ್ದ 126 ಮೀಟರಿಗೆ ಸ್ವಲ್ಪ ಕಡಿಮೆಯಿತ್ತೆಂಬುದನ್ನು ನೆನೆದರೆ, ರಾಜರ ಆಡಂಬರವನ್ನು ವ್ಯಕ್ತಿಗಳ ಐಶ್ವರ್ಯವು ಎಷ್ಟು ದೂರ ಹಿಂದಿಕ್ಕಿದೆಯೆಂಬುದು ತಿಳಿಯುತ್ತದೆ. 2022ರಲ್ಲಿ, ಜೆಫ್ ಬೆಜೋಸರಿಗಾಗಿ ಹಾಲೆಂಡಿನಲ್ಲಿ ಸಿದ್ಧವಾಗುತ್ತಿದ್ದ 127 ಮೀಟರಿನ ಮೂರು ಕೂವೆಮರಗಳ ನೌಕೆಯು ಕಡಲಿಗೆ ಇಳಿಯುವುದಕ್ಕಾಗಿ, ರಾಟರ್‌ಡ್ಯಾಮಿನ ಜನರು ಸ್ಮಾರಕವೆಂದು ಕಾಪಾಡಿಕೊಂಡು ಬಂದ 1927ರ ರೈಲುಸೇತುವೆಯ ನಡುಭಾಗವನ್ನು ತಾತ್ಕಾಲಿಕವಾಗಿ ಕಳಚಬೇಕೆಂಬ ಪ್ರಸ್ತಾಪವೆದ್ದಿತು. ಊರವರು ಸಿಟ್ಟಾದರು, ಕೊನೆಗೆ ಹಡಗನ್ನು ಕೂವೆಮರಗಳಿಲ್ಲದೆಯೇ ಸುತ್ತುದಾರಿಯಲ್ಲಿ ಎಳೆದೊಯ್ಯಲಾಯಿತು. ನೇಮಿಯಲ್ಲಿ ಹಡಗಿಗೆ ಸರೋವರ ಸಾಲದಾಗಿತ್ತು. ಇಲ್ಲಿ ನದಿಯೇ ಸಾಲದಾಯಿತು.

ಆದರೆ ಇಂಥ ನೌಕೆಗಳನ್ನು ಕೊಳ್ಳಬಲ್ಲವರು ಲೋಕದಲ್ಲಿ ಬಹು ಸ್ವಲ್ಪ ಜನ. ಅವರನ್ನು ಖಂಡಿಸಿ ಬರೆಯುವುದರಿಂದ ಲೇಖಕನಿಗೆ ಧರ್ಮವೀರನೆಂಬ ತೃಪ್ತಿ ಲಭಿಸೀತೇ ಹೊರತು ವಿಚಾರವೇನೂ ಮುಂದೆ ಸಾಗುವುದಿಲ್ಲ. ನಾನು ಕುರಿತು ಹೇಳಹೊರಟಿರುವುದು ಅವುಗಳನ್ನು ಕೊಳ್ಳಲಾರದೆ ಕನಸು ಕಾಣುವವರನ್ನು. ಇಂಗ್ಲೆಂಡಿನ ದಕ್ಷಿಣ ತೀರದಲ್ಲಿಯೋ ಫ್ಲಾರಿಡದ ಹಿನ್ನೀರಿನಲ್ಲಿಯೋ ಇಪ್ಪತ್ತು ಅಡಿಯ ಹಾಯಿದೋಣಿಯೊಂದನ್ನು ಇಟ್ಟುಕೊಂಡಿರುವ ಗುಮಾಸ್ತನೋ ಉಪಾಧ್ಯಾಯನೋ ಭಾನುವಾರ ಬೆಳಿಗ್ಗೆ ಕಟ್ಟೆಗೆ ಬರುತ್ತಾನೆ. ಎದುರಿಗೆ ಲಂಗರು ಹಾಕಿ ನಿಂತ, ನಾಲ್ಕಂತಸ್ತಿನ ಬಿಳಿಯ ಗೋಡೆಯಂಥ ನೌಕೆಯೊಂದನ್ನು ನೋಡುತ್ತಾನೆ. ಆ ಕ್ಷಣದಿಂದ ತನ್ನ ದೋಣಿಯು ಅವನಿಗೆ ದೋಣಿಯಾಗಿ ಕಾಣುವುದು ನಿಂತು, ತಾನು ಏರಬೇಕಾದ ಸೋಪಾನದ ಅತ್ಯಂತ ಕೆಳಗಿನ ಮೆಟ್ಟಿಲಾಗಿ ಕಾಣಲಾರಂಭಿಸುತ್ತದೆ. ಇವನನ್ನು ಲೋಭಿಯೆಂದು ಜರೆಯುವ ನೀತಿವಂತರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಯಾರ ಸೊತ್ತನ್ನೂ ಅಪಹರಿಸದೆ ಮನಸ್ಸಿನಲ್ಲಿಯೇ ಒಂದು ಹಡಗನ್ನು ಕಟ್ಟಿಕೊಳ್ಳುವವನು ಲೋಭಿ ಹೇಗಾದಾನು? ಅವನಿಗೆ ಒದಗಿರುವುದು ಬುದ್ಧಿಯ ಒಂದು ತೊಡಕು. ಬೇರೆ ಬೇರೆಯಾದ ಎರಡು ಅಪೇಕ್ಷೆಗಳನ್ನು ಅವನು ಒಂದೇ ಎಂದು ಭ್ರಮಿಸಿದ್ದಾನೆ.

ಕಡಲಿನ ಮೇಲೆ ಇರಬೇಕೆಂಬುದು ಒಂದು ಅಪೇಕ್ಷೆ. ಕಡಲಿನ ಮೇಲೆ ಇರುವವನಾಗಿ ದಡದವರಿಗೆ ಕಾಣಬೇಕೆಂಬುದು ಇನ್ನೊಂದು. ಥಾರ್‌ಸ್ಟೈನ್ ವೆಬ್ಲೆನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞನು 1899ರಲ್ಲಿಯೇ, ವಿರಾಮವರ್ಗದವರ ವೆಚ್ಚದಲ್ಲಿ ಬಹುಭಾಗವು ವೆಚ್ಚಮಾಡುವ ಶಕ್ತಿಯನ್ನು ಇತರರಿಗೆ ತೋರಿಸುವುದಕ್ಕಾಗಿಯೇ ಆಗುತ್ತದೆಯೆಂದು ವಿಸ್ತಾರವಾಗಿ ವಾದಿಸಿದ್ದಾನೆ. ಅದನ್ನು ಪುನಃ ಹೇಳಬೇಕಾದುದಿಲ್ಲ. ವೆಬ್ಲೆನನು ಹೆಚ್ಚಾಗಿ ಲಕ್ಷ್ಯಕ್ಕೆ ತಾರದ ಅಂಶವೆಂದರೆ, ಕನಸಿನಲ್ಲಿ ವೆಚ್ಚವೆಂಬುದೇ ಇರುವುದಿಲ್ಲವೆಂಬುದು. ನೌಕೆಯ ಕನಸು ಕಾಣುವವನು ಕುಬೇರನ ಪುಷ್ಪಕವಿಮಾನದಂಥ ವಾಹನವನ್ನು ಕಾಣುತ್ತಾನೆ: ಒಡೆಯನು ನೆನೆದಲ್ಲಿಗೆ ಹೋಗುತ್ತದೆ, ಎಷ್ಟು ಜನ ಹತ್ತಿದರೂ ಇನ್ನೊಬ್ಬನಿಗೆ ಸ್ಥಳವಿರುತ್ತದೆ, ಅದಕ್ಕೆ ಬಣ್ಣ ಬಳಿಯುವವರಾಗಲಿ ಇಂಧನ ತುಂಬುವವರಾಗಲಿ ಸಂಬಳಕ್ಕಾಗಿ ಕಾಯುವವರಾಗಲಿ ಇರುವುದಿಲ್ಲ. ವಾಸ್ತವವಾದ ನೌಕೆಯಾದರೋ ಕೊಂಡ ಬೆಲೆಯ ಹತ್ತರಲ್ಲೊಂದು ಪಾಲನ್ನು ವರ್ಷವರ್ಷವೂ ತಿನ್ನುತ್ತದೆಯೆಂಬುದು ಆ ವ್ಯವಹಾರದವರ ರೂಢಿಯ ಲೆಕ್ಕ. ಅದರಲ್ಲಿ ಕಪ್ತಾನನಿರುತ್ತಾನೆ, ಯಂತ್ರಜ್ಞರಿರುತ್ತಾರೆ, ಅಡುಗೆಯವರಿರುತ್ತಾರೆ, ಹತ್ತಾರು ಖಲಾಸಿಗಳಿರುತ್ತಾರೆ. ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆಯೆಂಬುದು ಅವರೆಲ್ಲರಿಗೂ ಗೊತ್ತಿರುತ್ತದೆ, ಒಡೆಯನೊಬ್ಬನಿಗೆ ಗೊತ್ತಿರಬೇಕಾದ ಅಗತ್ಯವಿರುವುದಿಲ್ಲ. ರಾಮಾಯಣದಲ್ಲಿ ಶ್ರೀರಾಮನು ಅಯೋಧ್ಯೆಯಿಂದ ಹೋಗುವಾಗ ಗುಹನು ಒದಗಿಸಿದ ದೋಣಿಯಲ್ಲಿ ಗಂಗೆಯನ್ನು ದಾಟಿದನು, ಹಿಂದಿರುಗುವಾಗ ಪುಷ್ಪಕದಲ್ಲಿ ಬಂದನು. ಹರಿಕಥೆಯ ದಾಸರು ಎರಡನ್ನೂ ಹೇಳುತ್ತಾರಾದರೂ, ಹೆಚ್ಚು ಹೊತ್ತು ನಿಂತು ಹಾಡುವುದು ಗುಹನ ದೋಣಿಯ ಬಳಿಯಲ್ಲಿಯೇ. ಪುಷ್ಪಕವನ್ನು ಕುರಿತು ಹೇಳುವುದಕ್ಕೆ ಅದು ಹಾರಿತು ಎಂಬುದರ ಹೊರತು ಹೆಚ್ಚೇನೂ ಇಲ್ಲವೆಂದು ಅವರು ಕಂಡುಕೊಂಡಿರಬೇಕು.

ಇಷ್ಟನ್ನು ಹೇಳಿದರೆ, ಇದು ಕೈಗೆಟುಕದ ದ್ರಾಕ್ಷಿಯನ್ನು ಹುಳಿಯೆನ್ನುವ ನರಿಯ ತತ್ತ್ವವೆಂದು ಯಾರಾದರೂ ಆಕ್ಷೇಪಿಸಬಹುದು. ಆದುದರಿಂದ ತತ್ತ್ವವನ್ನು ಬದಿಗಿರಿಸಿ ಗಣಿತಕ್ಕೆ ಬರೋಣ. ನೀರನ್ನು ಸೀಳಿಕೊಂಡು ಹೋಗುವ ದೋಣಿಯು ತನ್ನ ಮುಂದೆ ಒಂದು ಅಲೆಯನ್ನೂ ಹಿಂದೆ ಇನ್ನೊಂದನ್ನೂ ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಈ ಅಲೆಗಳ ನಡುವಣ ಅಂತರವೂ ಹೆಚ್ಚಿ, ಕೊನೆಗೆ ದೋಣಿಯ ಉದ್ದಕ್ಕೆ ಸಮನಾಗುತ್ತದೆ. ಅಲ್ಲಿಂದ ಮುಂದಕ್ಕೆ ದೋಣಿಯು ತಾನೇ ಎಬ್ಬಿಸಿದ ಅಲೆಯನ್ನು ತಾನೇ ಹತ್ತಬೇಕಾಗುತ್ತದೆ. ನೀರಿನ ಮಟ್ಟದಲ್ಲಿ ದೋಣಿಯ ಉದ್ದ ಎಷ್ಟು ಅಡಿಯೋ ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ, ಈ ಮಿತಿಯು ಗಂಟೆಗೆ ಎಷ್ಟು ನಾವಿಕಮೈಲಿಯೆಂಬುದು ಸಿಕ್ಕುತ್ತದೆ. 25 ಅಡಿಯ ದೋಣಿಗೆ ಅದು 6.7, 100 ಅಡಿಯ ಹಡಗಿಗೆ 13.4. ಉದ್ದ ನಾಲ್ಕರಷ್ಟಾದರೆ ವೇಗ ಎರಡರಷ್ಟು ಮಾತ್ರ. ಆದರೆ ಅದೇ ಆಕಾರವನ್ನು ಉಳಿಸಿಕೊಂಡು ಬೆಳೆಸಿದರೆ ಅದರ ಭಾರವು ನಾಲ್ಕರ ಘನದಷ್ಟು, ಎಂದರೆ 64ರಷ್ಟಾಗುತ್ತದೆ. ಅಷ್ಟು ಭಾರದ ಮರವನ್ನೋ ಉಕ್ಕನ್ನೋ ಕೊಳ್ಳಬೇಕು, ಅದನ್ನು ನಡೆಸುವ ಹಾಯಿಗಳನ್ನೋ ಯಂತ್ರಗಳನ್ನೋ ಹೊಂದಿಸಬೇಕು, ಆ ಹಾಯಿಗಳನ್ನು ಒಬ್ಬ ಮನುಷ್ಯನ ತೋಳು ಎಳೆಯಲಾರದಾದುದರಿಂದ ಹಲವು ತೋಳುಗಳನ್ನು ಸಂಬಳಕ್ಕೆ ಪಡೆಯಬೇಕು. ಯಂತ್ರದ ಬಲದಿಂದ ಈ ಮಿತಿಯನ್ನು ಮೀರಬಹುದು, ನಿಜ, ಆದರೆ ಮೀರಿದ ಒಂದೊಂದು ಮೈಲಿಗೂ ಸಮುದ್ರವು ಕೇಳುವ ತೆರಿಗೆ ಇಂಧನದ ರೂಪದಲ್ಲಿ ಏರುತ್ತಲೇ ಹೋಗುತ್ತದೆ. ಈ ನಿಯಮವನ್ನು ಬಡವರನ್ನು ಸಮಾಧಾನಪಡಿಸುವುದಕ್ಕಾಗಿ ಯಾವ ನೀತಿಶಾಸ್ತ್ರಜ್ಞನೂ ರಚಿಸಲಿಲ್ಲ.

ಪಾಶ್ಚಾತ್ಯ ದೋಣಿಗಾರರು ತಮ್ಮ ಒಂದು ಪರಂಪರಾಗತ ವ್ಯಾಧಿಯನ್ನು ತಾವೇ ಪರಿಹಾಸ್ಯಮಾಡಿಕೊಳ್ಳುವುದುಂಟು. ಅದನ್ನು ಅವರು ‘ಎರಡಡಿಯ ರೋಗ’ವೆನ್ನುತ್ತಾರೆ. ಹದಿನೆಂಟು ಅಡಿಯ ದೋಣಿಯುಳ್ಳವನಿಗೆ ಇಪ್ಪತ್ತಡಿಯದು ದೊರೆತರೆ ಸಾಕು, ಜೀವನ ಸಾರ್ಥಕ, ಇಪ್ಪತ್ತಡಿಯವನಿಗೆ ಇಪ್ಪತ್ತೆರಡು. ಈ ರೋಗದ ಕುರಿತು ನಗುವವರು ಕೂಡ ಅದರ ಒಂದು ಲಕ್ಷಣವನ್ನು ಗಮನಿಸಿದಂತೆ ಕಾಣುವುದಿಲ್ಲ: ರೋಗಿಯು ಬಯಸುವ ಎರಡಡಿಗಳು ಯಾವಾಗಲೂ ದೋಣಿಯ ಒಳಗಿನವು. ಇನ್ನೊಂದು ಮಂಚ, ನಿಂತರೆ ತಲೆ ತಾಗದ ಕೋಣೆ, ಬಿಸಿನೀರು. ದಡದ ಮನೆಯನ್ನು ಎರಡೆರಡು ಅಡಿಯಾಗಿ ನೀರಿಗೆ ಸಾಗಿಸುವ ಪ್ರಯತ್ನವೇ ಅದು. ಪೂರ್ಣವಾಗಿ ಸಾಗಿಸಿದ ದಿನ ಅವನು ಮತ್ತೆ ಮನೆಯಲ್ಲಿಯೇ ಇರುತ್ತಾನೆ.

ಸಣ್ಣ ದೋಣಿಯ ಸಮರ್ಥಕರು ಜೋಷುವ ಸ್ಲೋಕಮ್ ಎಂಬ ಕಪ್ತಾನನ ಹೆಸರನ್ನು ತಪ್ಪದೆ ಹೇಳುತ್ತಾರೆ. ಆದರೆ ಅವನನ್ನು ವೈರಾಗ್ಯಶಾಲಿಯೆಂಬಂತೆ ಚಿತ್ರಿಸುವುದು ಸತ್ಯಕ್ಕೆ ದೂರ. ಅವನು ದೊಡ್ಡ ಹಾಯಿಹಡಗುಗಳ ಒಡೆಯನೂ ನಾಯಕನೂ ಆಗಿದ್ದವನು. ‘ನಾರ್ದರ್ನ್ ಲೈಟ್’ ಎಂಬ ಭವ್ಯವಾದ ಹಡಗನ್ನು ನಡೆಸಿದುದನ್ನು ಅವನು ಕೊನೆಯವರೆಗೂ ಹೆಮ್ಮೆಯಿಂದ ಸ್ಮರಿಸುತ್ತಿದ್ದನು. ಆಮೇಲೆ ಅವನ ಸ್ವಂತ ಹಡಗು ಬ್ರೆಜಿಲಿನ ತೀರದಲ್ಲಿ ಒಡೆಯಿತು. ಉಗಿಹಡಗುಗಳ ಮುಂದೆ ಹಾಯಿಹಡಗಿನ ಕಪ್ತಾನರಿಗೆ ಉದ್ಯೋಗವೇ ಇಲ್ಲದಾಯಿತು. ಆಗ ಮಸಾಚುಸೆಟ್ಸಿನ ಫೇರ್‌ಹೇವನ್ ಎಂಬ ಊರಿನ ಹೊಲವೊಂದರಲ್ಲಿ ಊರೆಗೋಲುಗಳ ಮೇಲೆ ನಿಂತು ಕೊಳೆಯುತ್ತಿದ್ದ ‘ಸ್ಪ್ರೇ’ ಎಂಬ ಮುದಿ ದೋಣಿಯೊಂದನ್ನು ಹಳೆಯ ಪರಿಚಿತನೊಬ್ಬನು ಅರ್ಧ ವಿನೋದಕ್ಕೆಂಬಂತೆ ಅವನಿಗೆ ಕೊಟ್ಟುಬಿಟ್ಟನು. ಸ್ಲೋಕಮನು ಹದಿಮೂರು ತಿಂಗಳು ಶ್ರಮಿಸಿ, ಸಾಮಗ್ರಿಗೆ 553 ಡಾಲರು 62 ಸೆಂಟುಗಳನ್ನು ವೆಚ್ಚಮಾಡಿ, ಅದನ್ನು ಬುಡದಿಂದ ಹೊಸದಾಗಿ ಕಟ್ಟಿದನು. ಉದ್ದ 36 ಅಡಿ 9 ಅಂಗುಲ. 1895ರ ಏಪ್ರಿಲಿನಲ್ಲಿ ಬಾಸ್ಟನ್ನನ್ನು ಬಿಟ್ಟು, 46,000 ಮೈಲಿಗಳನ್ನು ಕ್ರಮಿಸಿ, 1898ರ ಜೂನಿನಲ್ಲಿ ನ್ಯೂಪೋರ್ಟನ್ನು ಸೇರಿದಾಗ, ಒಬ್ಬನೇ ಹಾಯಿದೋಣಿಯಲ್ಲಿ ಭೂಪ್ರದಕ್ಷಿಣೆ ಮಾಡಿದ ಮೊದಲ ಮನುಷ್ಯನೆಂಬ ಕೀರ್ತಿ ಅವನದಾಯಿತು. ಕಾಲವನ್ನು ಸೂಕ್ಷ್ಮವಾಗಿ ಅಳೆಯುವ ನೌಕಾಗಡಿಯಾರವನ್ನು ರಿಪೇರಿ ಮಾಡಿಸಲು ಹದಿನೈದು ಡಾಲರು ಕೇಳಿದರೆಂದು ಅದನ್ನು ಮನೆಯಲ್ಲಿಯೇ ಬಿಟ್ಟು, ಮುಖ ಒಡೆದ ತಗಡಿನ ಗಡಿಯಾರವೊಂದನ್ನು ಒಂದು ಡಾಲರಿಗೆ ಕೊಂಡು ಅವನು ಹೊರಟಿದ್ದನು. ಹಿಂದೂ ಮಹಾಸಾಗರದಲ್ಲಿ ಕೀಲಿಂಗ್ ದ್ವೀಪಗಳವರೆಗಿನ 2,700 ಮೈಲಿಗಳನ್ನು ಇಪ್ಪತ್ತಮೂರು ದಿನಗಳಲ್ಲಿ ಸಾಗಿದಾಗ, ತಾನು ಚುಕ್ಕಾಣಿ ಹಿಡಿದದ್ದು ಒಟ್ಟು ಮೂರು ಗಂಟೆಗಳಿಗಿಂತ ಹೆಚ್ಚಲ್ಲವೆಂದು ಬರೆದಿದ್ದಾನೆ; ಹಾಯಿಗಳನ್ನು ಸರಿಹೊಂದಿಸಿ ಚುಕ್ಕಾಣಿಯನ್ನು ಕಟ್ಟಿಬಿಟ್ಟರೆ ದೋಣಿ ತಾನಾಗಿಯೇ ದಾರಿ ಹಿಡಿಯುತ್ತಿತ್ತು. ಅವನು ಒಳಗೆ ಕುಳಿತು ಓದುತ್ತಿದ್ದನು. ಕುಬೇರನ ವಿಮಾನವನ್ನು ನೆನಪಿಗೆ ತರುವ ವಾಹನವೆಂದರೆ ಇದೇ ಅಲ್ಲವೆ? ಇಚ್ಛೆಯಂತೆ ನಡೆಯುವ ಆ ಗುಣವನ್ನು ಅವನು ಹಣಕ್ಕೆ ಕೊಂಡಿರಲಿಲ್ಲ. ಒಂದೊಂದು ಹಲಗೆಯನ್ನೂ ತಾನೇ ಬಡಿದು ಕೂರಿಸಿದ್ದರಿಂದ, ದೋಣಿ ಹೇಗೆ ನಡೆದುಕೊಳ್ಳುವುದೆಂಬುದು ಅವನ ಕೈಗೆ ಗೊತ್ತಿತ್ತು.

ಹಾಗೆಂದು ಚಿಕ್ಕದೆಲ್ಲವೂ ಕ್ಷೇಮಕರವೆಂಬ ತೀರ್ಮಾನಕ್ಕೆ ಧಾವಿಸಬಾರದು. ಸ್ಲೋಕಮನೇ 1909ರಲ್ಲಿ ಅದೇ ಸ್ಪ್ರೇಯಲ್ಲಿ ಹೊರಟವನು ಹಿಂದಿರುಗಲಿಲ್ಲ. ಇನ್ನೂ ಕಠೋರವಾದ ಪಾಠವು 1968ರ ‘ಗೋಲ್ಡನ್ ಗ್ಲೋಬ್’ ಸ್ಪರ್ಧೆಯಲ್ಲಿದೆ. ಎಲ್ಲಿಯೂ ನಿಲ್ಲದೆ ಒಬ್ಬನೇ ಭೂಮಿಯನ್ನು ಸುತ್ತಿಬರತಕ್ಕ ಆ ಪಂದ್ಯಕ್ಕೆ ಒಂಬತ್ತು ಜನ ಹೊರಟು ಒಬ್ಬನೇ ಗುರಿ ಮುಟ್ಟಿದನು. ಮುಟ್ಟಿದವನ ದೋಣಿಗೂ ನಮಗೂ ಒಂದು ಸಂಬಂಧವುಂಟು. ಬ್ರಿಟಿಷ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಅಧಿಕಾರಿಯಾಗಿದ್ದ ರಾಬಿನ್ ನಾಕ್ಸ್-ಜಾನ್ಸ್‌ಟನ್ ಎಂಬ ಯುವಕನು ‘ಸುಹೈಲಿ’ ಎಂಬ ಈ 32 ಅಡಿಯ ದೋಣಿಯನ್ನು ಮುಂಬಯಿಯಲ್ಲಿ ಕಟ್ಟಿಸಿದ್ದನು. ಮರ ನಮ್ಮ ತೇಗ, ಬಡಗಿಗಳು ಬಾಚಿ ಹಿಡಿದು ಪಾರಂಪರಿಕ ರೀತಿಯಲ್ಲಿ ಕೆಲಸಮಾಡಿದ ಇಲ್ಲಿಯವರು. ಅಂಚೆಯ ಮೂಲಕ ತರಿಸಿದ ನಕಾಶೆಯು ಅವನು ಬಯಸಿದ ಮಾದರಿಯದಾಗಿರದಿದ್ದರೂ, ಮತ್ತೊಂದಕ್ಕಾಗಿ ಕಾಯುವುದಕ್ಕೆ ಸಮಯವಿಲ್ಲದೆ, ಬಂದದ್ದನ್ನೇ ಅವಲಂಬಿಸಿ ಕಟ್ಟಿದ ದೋಣಿ ಅದು. ಪಂದ್ಯದ ವಿಚಾರ ಮನಸ್ಸಿಗೆ ಬಂದಾಗ ಅವನಿಗೂ ಆ ದೋಣಿ ಸಾಲದೆನಿಸಿತು. ಕಾಲಿನ್ ಮುಡೀ ಎಂಬ ಪ್ರಸಿದ್ಧ ವಿನ್ಯಾಸಕಾರನಿಂದ 53 ಅಡಿಯ ಉಕ್ಕಿನ ದೋಣಿಯೊಂದರ ನಕ್ಷೆಯನ್ನು ಬರೆಸಿ, ಅದಕ್ಕಾಗಿ ಹಣವೊದಗಿಸುವವರನ್ನು ಹುಡುಕಿಕೊಂಡು ಅಲೆದನು, ಹಣ ಕೂಡಲಿಲ್ಲ. ಮುಂದೆ ಅವನು ಮಾಡಿದುದೇ ಈ ಲೇಖನದ ವಿಷಯ. ಕೈಯಲ್ಲಿದ್ದ 32 ಅಡಿಯನ್ನೇ ಸಿದ್ಧಪಡಿಸಿಕೊಂಡು ಜೂನ್ 14ರಂದು ಫಾಲ್ಮತ್ ಬಂದರಿನಿಂದ ಹೊರಟು, 312 ದಿನಗಳ ಬಳಿಕ, 1969ರ ಏಪ್ರಿಲ್ 22ರಂದು ಅಲ್ಲಿಗೇ ಬಂದು ಸೇರಿದನು.

ಅವನ ಎದುರಾಳಿಗಳಲ್ಲೊಬ್ಬನಾದ ಡೊನಾಲ್ಡ್ ಕ್ರೋಹರ್ಸ್ಟನು ವಾರದ ಕೊನೆಯಲ್ಲಿ ಸಣ್ಣ ದೋಣಿಯೊಂದರಲ್ಲಿ ವಿಹರಿಸುತ್ತಿದ್ದ ಗೃಹಸ್ಥ. ಅವನು ಮೊದಲು, ಭೂಪ್ರದಕ್ಷಿಣೆ ಮಾಡಿ ಬಂದಿದ್ದ ಚಿಚೆಸ್ಟರ್ ಎಂಬ ನಾವಿಕನ ಪ್ರಸಿದ್ಧ ನೌಕೆ ‘ಜಿಪ್ಸಿ ಮಾತ್ 4’ನ್ನು ಎರವಲು ಕೇಳಿದನು, ಅದು ದೊರೆಯದಿರಲು, ಸಾಲಕ್ಕೆ ಸಿಕ್ಕಿ, ಮೂರು ಒಡಲುಗಳ ಹೊಸ ಮಾದರಿಯ ದೋಣಿಯೊಂದನ್ನು ಅವಸರದಲ್ಲಿ ಕಟ್ಟಿಸಿ, ಅನುಮತಿಸಿದ್ದ ಕೊನೆಯ ದಿನವಾದ ಅಕ್ಟೋಬರ್ 31ರಂದು ಹೊರಟನು. ದೋಣಿ ಸೋರುತ್ತಿತ್ತು. ಮುಂದೆ ಹೋಗಲಾರದೆ, ಹಿಂದಿರುಗಿದರೆ ಮನೆಮಾರು ಹೋಗುವುದೆಂಬ ಭಯದಿಂದ ಹಿಂದಿರುಗಲೂ ಆರದೆ, ಅಟ್ಲಾಂಟಿಕ್ ಸಾಗರದಲ್ಲಿಯೇ ಸುತ್ತುತ್ತ ತಾನು ಲೋಕವನ್ನು ಸುತ್ತುತ್ತಿರುವೆನೆಂದು ರೇಡಿಯೋದಲ್ಲಿ ಸುಳ್ಳು ವರದಿಗಳನ್ನು ಕಳುಹಿಸಿದನು. ಅವನು ಬೆನ್ನಟ್ಟಿ ಬರುತ್ತಿದ್ದಾನೆಂದು ನಂಬಿದ ನೈಜೆಲ್ ಟೆಟ್ಲಿ ಎಂಬ ಇನ್ನೊಬ್ಬ ಸ್ಪರ್ಧಾಳು ತನ್ನ ಜೀರ್ಣವಾದ ದೋಣಿಯನ್ನು ಮಿತಿಮೀರಿ ಓಡಿಸಿ ಅದನ್ನು ಕಳೆದುಕೊಂಡನು. 1969ರ ಜುಲೈ 10ರಂದು ಕ್ರೋಹರ್ಸ್ಟನ ದೋಣಿ ಯಾರೂ ಇಲ್ಲದೆ ತೇಲುತ್ತಿರುವುದು ಕಂಡುಬಂತು. ನಾಕ್ಸ್-ಜಾನ್ಸ್‌ಟನ್ ತನಗೆ ಬಂದ 5,000 ಪೌಂಡುಗಳ ಬಹುಮಾನವನ್ನು ಆ ಕುಟುಂಬಕ್ಕೆ ಕೊಟ್ಟುಬಿಟ್ಟನು. ಈ ಇಬ್ಬರ ದೋಣಿಗಳನ್ನು ಅಡಿಯಲ್ಲಿ ಅಳೆದರೆ ದೊಡ್ಡ ವ್ಯತ್ಯಾಸವೇನೂ ಇಲ್ಲ, ಎರಡೂ ಸಣ್ಣವೇ. ಒಬ್ಬನು ತಾನು ಮುಂಬಯಿಯಿಂದ ಇಂಗ್ಲೆಂಡಿನವರೆಗೆ ನಡೆಸಿಕೊಂಡು ಬಂದು ಒಳಹೊರಗನ್ನರಿತ ದೋಣಿಯಲ್ಲಿ ಹೋದನು. ಇನ್ನೊಬ್ಬನು ತನ್ನ ಕನಸಿಗೆ ತಕ್ಕುದೆಂದು ಊಹಿಸಿಕೊಂಡ ದೋಣಿಯಲ್ಲಿ. ದೊಡ್ಡ ನೌಕೆಯ ಸ್ವಪ್ನವು ನಲವತ್ತು ಅಡಿಯೊಳಗೂ ಅಡಗಿರಬಲ್ಲದು ಎಂಬುದನ್ನು ಸರಳಜೀವನದ ಪ್ರತಿಪಾದಕರು ಮರೆಯಬಾರದು.

ದೊಡ್ಡ ನೌಕೆಗಳ ಪರವಾಗಿ ಹೇಳಬಹುದಾದ ಒಳ್ಳೆಯ ಮಾತೂ ಒಂದಿದೆ. 1930ರಲ್ಲಿ, ಅಮೆರಿಕದಲ್ಲಿ ಆರ್ಥಿಕ ಕುಸಿತ ಕವಿದಿದ್ದಾಗ, ಮೇಯ್ನ್ ಪ್ರಾಂತದ ಬಾತ್ ಎಂಬ ಊರಿನ ಹಡಗುಕಟ್ಟೆಯಲ್ಲಿ ಕಿರಿಯ ಜೆ. ಪಿ. ಮಾರ್ಗನ್ನನ 343 ಅಡಿಯ ‘ಕೋರ್ಸೇರ್’ ನೀರಿಗಿಳಿಯಿತು. ಅಲ್ಲಿನ ಕೆಲಸಗಾರರ ಒಲೆಗಳು ಅದರಿಂದ ಉರಿದವೆಂಬುದರಲ್ಲಿ ಸಂಶಯವಿಲ್ಲ. ಆ ನೌಕೆಯು ಯುದ್ಧಕಾಲದಲ್ಲಿ ಬ್ರಿಟಿಷ್ ನೌಕಾಡಳಿತದ ವಶವಾಗಿ, ಆಮೇಲೆ ಪ್ರವಾಸಿಗರನ್ನು ಹೊರುವ ಹಡಗಾಗಿ, 1949ರಲ್ಲಿ ಮೆಕ್ಸಿಕೋದ ಅಕಪುಲ್ಕೊ ಬಳಿ ಬಂಡೆಗೆ ತಾಗಿ ನಾಶವಾಯಿತು. ಅದನ್ನು ಕಟ್ಟಿದವರ ಕೌಶಲ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೆ ಆ ಕೌಶಲ್ಯದ ಆನಂದ ಕಟ್ಟಿದವರದು, ನಡೆಸಿದ ಆನಂದ ಕಪ್ತಾನನದು. ಒಡೆಯನ ಪಾಲಿಗೆ ಉಳಿದದ್ದು ರಸೀತಿ.

ಇದಕ್ಕೆ ತೀರ ವಿರುದ್ಧವಾದ ಒಂದು ಸಾಹಸ 1963ರಲ್ಲಿ ಇಂಗ್ಲೆಂಡಿನಲ್ಲಿ ನಡೆಯಿತು. ಜಾಕ್ ಹೋಲ್ಟ್ ಎಂಬ ದೋಣಿವಿನ್ಯಾಸಕಾರನೂ ಬ್ಯಾರಿ ಬಕ್‌ನೆಲ್ ಎಂಬ ಟೆಲಿವಿಷನ್ನಿನ ಮನೆಗೆಲಸದ ಉಪದೇಶಕನೂ ಸೇರಿ, ‘ಡೈಲಿ ಮಿರರ್’ ಪತ್ರಿಕೆಯ ಪ್ರೋತ್ಸಾಹದಿಂದ, 10 ಅಡಿ 10 ಅಂಗುಲದ ಒಂದು ಹಾಯಿದೋಣಿಯನ್ನು ಬಿಡಿಭಾಗಗಳ ರೂಪದಲ್ಲಿ 63 ಪೌಂಡು 11 ಷಿಲಿಂಗಿಗೆ ಮಾರಾಟಕ್ಕಿಟ್ಟರು. ಪ್ಲೈವುಡ್ ಹಲಗೆಗಳ ಅಂಚಿಗೆ ತೂತು ಕೊರೆದು, ತಾಮ್ರದ ತಂತಿಯಿಂದ ಬಟ್ಟೆ ಹೊಲಿದಂತೆ ಹೊಲಿದು, ಸಂದುಗಳ ಮೇಲೆ ಗಾಜುನಾರಿನ ಪಟ್ಟಿಯನ್ನು ಅಂಟಿಸಿದರಾಯಿತು. ಬಡಗಿಯ ವಿದ್ಯೆ ಬೇಕಿರಲಿಲ್ಲ. ಕಾರಿನ ಷೆಡ್ಡುಗಳಲ್ಲಿಯೂ ಊಟದ ಕೋಣೆಗಳಲ್ಲಿಯೂ ಸಾಧಾರಣ ಸಂಸಾರಿಗರು ಚಳಿಗಾಲದ ಸಂಜೆಗಳಲ್ಲಿ ಕಟ್ಟಿದ ಈ ಕೆಂಪುಹಾಯಿಯ ದೋಣಿಗಳ ಸಂಖ್ಯೆ 70,000ವನ್ನು ಮೀರಿತು. ಹಾಯಿದೋಣಿಯ ವಿಹಾರವೆಂದರೆ ಶ್ರೀಮಂತರ ಸಂಘಗಳ ಸೊತ್ತೆಂಬ ಭಾವನೆಯನ್ನು ಈ ಹನ್ನೊಂದಡಿಯಷ್ಟೂ ಇಲ್ಲದ ಪೆಟ್ಟಿಗೆ ಕೆಡಹಿದಷ್ಟು ಯಾವ ಚಳವಳಿಯೂ ಕೆಡಹಲಿಲ್ಲ. ಅವುಗಳನ್ನು ಕಟ್ಟಿದವರಲ್ಲಿ ದೊಡ್ಡ ನೌಕೆಯ ಕನಸು ಕಂಡವರೇ ಇರಲಿಲ್ಲವೆಂದು ನಾನು ಹೇಳಲಾರೆ. ಕನಸು ಕಾಣುತ್ತಲೇ ತಂತಿ ಹೊಲಿದಿದ್ದರೆ ಯಾರಿಗೂ ನಷ್ಟವಿಲ್ಲ.

ಕನ್ನಡದ ಓದುಗನೊಬ್ಬನು ಇಲ್ಲಿ ಎದ್ದು ನಿಂತು, ‘ನಮ್ಮ ಕರಾವಳಿಯ ಮೊಗವೀರನಿಗೋ ಖಾರ್ವಿಗೋ ಇದನ್ನು ಹೇಳಿರಿ, ನೋಡೋಣ’ ಎಂದರೆ ಆ ಮಾತಿನಲ್ಲಿ ತೂಕವಿದೆ. ಮಲ್ಪೆಯಲ್ಲಿಯೋ ತದಡಿಯಲ್ಲಿಯೋ ಸಣ್ಣ ದೋಣಿಯಿಂದ ಜೀವನ ಸಾಗಿಸುವ ತಾಂಡೇಲನು ಇನ್ನೂ ದೊಡ್ಡದೊಂದನ್ನು ಬಯಸಿದರೆ, ಅವನ ಲೆಕ್ಕದಲ್ಲಿ ಬಲೆ, ಮಂಜುಗಡ್ಡೆ, ಬ್ಯಾಂಕಿನ ಸಾಲ, ಮಕ್ಕಳ ಓದು ಸೇರಿರುತ್ತವೆ. ಮಿತವಾದ ದೋಣಿಯ ಸೊಬಗನ್ನು ಅವನಿಗೆ ಬೋಧಿಸುವುದು ಹೊಟ್ಟೆ ತುಂಬಿದವನ ಧಾರ್ಷ್ಟ್ಯವೇ ಸರಿ. ವಿನೋದಕ್ಕಾಗಿ ಇಟ್ಟುಕೊಂಡ ಎಂಟಡಿಯ ದೋಣಿಯೂ ಅವನ ದೃಷ್ಟಿಯಲ್ಲಿ ವಿಲಾಸವೇ ಆದೀತು. ಆದಕಾರಣ ನಾನು ಹೇಳಿದುದೆಲ್ಲವೂ ವಿನೋದಕ್ಕಾಗಿ ನೀರಿಗಿಳಿಯುವವರಿಗೆ ಮಾತ್ರ ಅನ್ವಯಿಸುವಂಥದು. ಅವರಲ್ಲಿಯೂ ನೌಕೆಗಳ ಚಿತ್ರವಿರುವ ಪತ್ರಿಕೆಯನ್ನು ತಿರುವಿಹಾಕಿ, ಕಾವ್ಯದ ಅಷ್ಟಾದಶವರ್ಣನೆಗಳಲ್ಲಿ ಜಲಕ್ರೀಡೆಯನ್ನೋದಿದಂತೆ ಓದಿ ಸುಖಪಟ್ಟು ಮಲಗುವವನೊಡನೆ ನನಗೆ ಜಗಳವಿಲ್ಲ. ಜಗಳವಿರುವುದು, ಇಪ್ಪತ್ತನಾಲ್ಕು ಅಡಿಯ ಗಟ್ಟಿಯಾದ ದೋಣಿಯನ್ನು ಕಟ್ಟೆಗೆ ಕಟ್ಟಿಟ್ಟು, ಮುಂದಿನ ವರ್ಷ ಇಪ್ಪತ್ತಾರು ಅಡಿಯದು ಬಂದ ಮೇಲೆ ದ್ವೀಪಗಳ ಕಡೆಗೆ ಹೋಗೋಣವೆಂದು ಹೆಂಡತಿ ಮಕ್ಕಳಿಗೆ ಹೇಳುತ್ತಿರುವವನೊಡನೆ. ಅವನ ದೇಶದಲ್ಲಿ ಹಾಯಿ ಬಿಚ್ಚುವ ಕಾಲವೆಂಬುದು ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಮಾತ್ರ. ಜೂನ್ ಆಗಲೇ ಕಳೆದಿದೆ, ಮತ್ತು ಮಕ್ಕಳಲ್ಲಿ ಹಿರಿಯವನಿಗೆ ಬರುವ ವರ್ಷ ತಂದೆಯೊಡನೆ ದೋಣಿಯಲ್ಲಿ ಹೋಗುವ ಮನಸ್ಸು ಇರುವುದೋ ಇಲ್ಲವೋ ಯಾರು ಬಲ್ಲರು.